ಹೆಸರಿನ ಖಾತೆ ಯಾರದು?

ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಲೆಯ ಮಹದೇಶ್ವರನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಕೌದಳ್ಳಿಯೆಂಬ ಊರುಂಟು. ಈ ಹೆಸರನ್ನು ಕನ್ನಡದಲ್ಲಿ ಬರೆಯುವ ಬಗೆ ಒಂದೇ. ಇಂಗ್ಲಿಷ್ ಲಿಪಿಯಲ್ಲಾದರೋ ‘ಕೌ’ ಎಂಬುದಕ್ಕೆ ಎರಡು ಮೂರು ರೂಪಗಳು ಸಾಧ್ಯ. ‘ಳ’ಕಾರಕ್ಕೆ ಅಲ್ಲಿ ಬೇರೆ ಅಕ್ಷರವೇ ಇಲ್ಲ. ಆ ಊರಿನ ಶಾಲೆಯೋ ಸಹಕಾರ ಸಂಘವೋ ನಾಳೆ ಅಂತರಜಾಲದಲ್ಲಿ ವಿಳಾಸವೊಂದನ್ನು ಪಡೆಯಬೇಕಾದರೆ ಯಾವ ಕಾಗುಣಿತದಲ್ಲಿ ಪಡೆಯಬೇಕು? ಯಾರ ಮೂಲಕ ಪಡೆಯಬೇಕು? ಯಾರ ಹೆಸರಿನಲ್ಲಿ ಪಡೆಯಬೇಕು? ಈ ಮೂರರಲ್ಲಿ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮಹತ್ತ್ವದ್ದೆಂದು ನಾವು ಭಾವಿಸುತ್ತೇವೆ.

ಅಂತರಜಾಲದ ಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಮನುಷ್ಯನ ನೆನಪಿನಲ್ಲಿ ನಿಲ್ಲುವುದು ಹೆಸರು. ಹೆಸರಿನಿಂದ ಅಂಕಿಯನ್ನು ಹುಡುಕಿಕೊಡುವ ವ್ಯವಸ್ಥೆಯನ್ನು 1983ರಲ್ಲಿ ಅಮೆರಿಕದ ಪಾಲ್ ಮೊಕಪೆಟ್ರಿಸ್ ರೂಪಿಸಿದರು. ಮೊದಮೊದಲು ಉಚಿತವಾಗಿದ್ದ ನೋಂದಣಿಗೆ 1995ರಲ್ಲಿ ಶುಲ್ಕ ಬಂದಿತು. 1998ರಲ್ಲಿ ಐಕ್ಯಾನ್ ಸಂಸ್ಥೆ ಹುಟ್ಟಿತು. ಮರುವರ್ಷವೇ ಒಂದು ಕಂಪನಿಯ ಏಕಸ್ವಾಮ್ಯ ಮುರಿದು ಅನೇಕ ರಿಜಿಸ್ಟ್ರಾರ್ ಸಂಸ್ಥೆಗಳು ವ್ಯಾಪಾರಕ್ಕಿಳಿದವು. ನಮ್ಮ ದೇಶದ ‘ಡಾಟ್ ಇನ್’ ಹಾಗೂ ‘ಡಾಟ್ ಭಾರತ’ ಹೆಸರುಗಳ ಮೂಲ ದಾಖಲೆಯನ್ನು ಇಟ್ಟುಕೊಂಡಿರುವುದು ನಿಕ್ಸಿ ಎಂಬ ಸಂಸ್ಥೆ. ರಿಜಿಸ್ಟ್ರಾರ್ ನಮ್ಮ ಪರವಾಗಿ ಆ ದಾಖಲೆಯಲ್ಲಿ ಬರೆಯಿಸುವ ಮಧ್ಯವರ್ತಿ ಮಾತ್ರ.

ಹೆಸರನ್ನು ‘ಕೊಂಡೆವು’ ಎಂದು ಜನ ಹೇಳುವುದುಂಟು. ಇದು ಕ್ರಯವಲ್ಲ, ಗುತ್ತಿಗೆ. ಅವಧಿ ಒಂದು ವರ್ಷದಿಂದ 10 ವರ್ಷದವರೆಗೆ. ಗಡುವು ಮೀರಿದರೆ ಕೆಲವು ವಾರಗಳ ಕಾಲಾವಕಾಶವಿರುತ್ತದೆ. ಅದೂ ಕಳೆದರೆ ಹೆಸರು ಮೊದಲು ಬಂದವರ ಪಾಲು. ತಾಣವನ್ನು ಕಟ್ಟಿಕೊಟ್ಟ ಯುವಕ ತನ್ನ ಹೆಸರಿನಲ್ಲಿಯೇ ಖಾತೆ ಮಾಡಿಸಿ, ಬಳಿಕ ಕೆಲಸ ಹುಡುಕಿಕೊಂಡು ಊರು ಬಿಟ್ಟನೆನ್ನೋಣ. ನವೀಕರಣದ ಎಚ್ಚರಿಕೆ ಅವನ ಅಂಚೆಪೆಟ್ಟಿಗೆಗೆ ಹೋಗುತ್ತದೆ, ಸಂಘಕ್ಕೆ ಬರುವುದಿಲ್ಲ. ಹೆಸರು ಕೈತಪ್ಪಿ ಮೋಸಗಾರನಿಗೆ ಸಿಕ್ಕಿದರೆ, ಸಂಘದ ಹಳೆಯ ವಿಳಾಸವನ್ನು ನಂಬಿ ಬಂದ ರೈತ ಅವನ ಬಲೆಗೆ ಬೀಳಬಹುದು. ಜಮೀನಿನ ಪಹಣಿಯಲ್ಲಿ ಯಾರ ಹೆಸರಿದೆಯೆಂದು ಹತ್ತು ಸಲ ನೋಡುವ ನಮ್ಮ ಜನ ಇಲ್ಲಿ ಒಂದು ಸಲವೂ ನೋಡದಿರುವುದು ಸೋಜಿಗ.

ಆದುದರಿಂದ ರಿಜಿಸ್ಟ್ರಾರ್ ಸಂಸ್ಥೆಯನ್ನು ಆರಿಸುವಾಗ ಮೊದಲ ವರ್ಷದ ಅಗ್ಗದ ದರಕ್ಕೆ ಮರುಳಾಗಬಾರದು. ಎರಡನೆಯ ವರ್ಷದ ದರವೇನು? ಖಾತೆ ಸಂಸ್ಥೆಯ ಹೆಸರಿನಲ್ಲಿಯೇ ಇರುವುದೇ? ಬೇರೆಯವರು ಸಾಗಿಸದಂತೆ ಬೀಗವುಂಟೇ? ಬೇಸರವಾದಾಗ ಬೇರೊಬ್ಬರಲ್ಲಿಗೆ ಹೋಗಲು ಬೇಕಾದ ಗುಪ್ತಸಂಕೇತವನ್ನು ತಕರಾರಿಲ್ಲದೆ ಕೊಡುವರೇ? ಡಾಟ್ ಕಾಮ್ ಮುಂತಾದ ಹೆಸರುಗಳಿಗೆ ಈ ಸಂಕೇತವನ್ನು ಕೇಳಿದ 5 ದಿನಗಳೊಳಗೆ ಕೊಡಬೇಕೆಂಬುದು ಐಕ್ಯಾನ್ ನಿಯಮ. ಹೊರಹೋಗುವ ಬಾಗಿಲನ್ನು ಮುಚ್ಚಿಡುವ ಅಂಗಡಿಯನ್ನು ಒಳಹೋಗುವ ಮೊದಲೇ ಬಿಡುವುದು ಲೇಸು.

ಸಣ್ಣ ಊರಿಗೆ ಇಷ್ಟೆಲ್ಲ ಜಾಗರೂಕತೆಯೇಕೆ ಎಂದು ಕೆಲವರು ಕೇಳಬಹುದು. ದೊಡ್ಡವರಿಗೆ ಕಾವಲುಂಟು. ‘ಎಸಿ ಡಾಟ್ ಇನ್’ ಎಂಬ ಹೆಸರು ವಿದ್ಯಾಸಂಸ್ಥೆಗಳಿಗೆ ಇ.ಆರ್.ನೆಟ್ ಇಂಡಿಯಾ ಮೂಲಕವೇ ದೊರೆಯುತ್ತದೆ. ವಂಚನೆಯನ್ನು ತಡೆಯಲೆಂದು ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಹೆಸರಿಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿತು. ಊರಿನ ರೇಷ್ಮೆ ವ್ಯಾಪಾರಿಗೂ ಯುವಕ ಸಂಘಕ್ಕೂ ಅಂತಹ ಕೋಟೆಯಿಲ್ಲ. ಅವರ ಎಚ್ಚರವೇ ಅವರ ಕೋಟೆ.

ಇನ್ನು ಕಾಗುಣಿತದ ಮಾತು. ಕನ್ನಡ ಲಿಪಿಯಲ್ಲಿಯೇ ‘ಡಾಟ್ ಭಾರತ’ ಹೆಸರನ್ನು ಪಡೆಯುವ ಅವಕಾಶವುಂಟು. ಯಂತ್ರವು ಅದನ್ನು ಒಳಗೊಳಗೇ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಮಾರ್ಪಡಿಸಿಕೊಳ್ಳುತ್ತದೆ. ಈ ವಿಧಾನ 2003ರಲ್ಲಿ ನಿರ್ಧಾರವಾಯಿತು. ಕನ್ನಡದ ವಿಳಾಸವನ್ನು ಒಪ್ಪದ ಅರ್ಜಿನಮೂನೆಗಳು ಇನ್ನೂ ಇರುವುದರಿಂದ ಇಂಗ್ಲಿಷ್ ಲಿಪಿಯ ಹೆಸರನ್ನೂ ಇಟ್ಟುಕೊಳ್ಳುವುದು ಜಾಣತನ. ಆದರೆ ಕಾಗುಣಿತದ ಗೊಂದಲವಿಲ್ಲದ ಹೆಸರು ಕನ್ನಡದ್ದೇ. ಬಳಸುವವರು ಹೆಚ್ಚಿದರಲ್ಲದೆ ಅಡ್ಡಿಗಳು ತೊಲಗವು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ತಮ್ಮ ಊರಿನ ಸಂಸ್ಥೆಗಳ ವಿಳಾಸಗಳನ್ನು ಸಾರ್ವಜನಿಕ ನೋಂದಣಿ ದಾಖಲೆಯಲ್ಲಿ ಹುಡುಕಲಿ. ರಿಜಿಸ್ಟ್ರಾರ್ ಯಾರು, ಅವಧಿ ಮುಗಿಯುವ ದಿನ ಯಾವುದು ಎಂಬುದು ಅಲ್ಲಿ ಕಾಣುತ್ತದೆ. ಖಾತೆದಾರನ ಹೆಸರು ಬಹುಮಟ್ಟಿಗೆ ಮರೆಯಲ್ಲಿರುತ್ತದೆ. ಅದನ್ನು ಸಂಘದ ಕಾರ್ಯದರ್ಶಿಯನ್ನು ಕೇಳಿಯೇ ತಿಳಿಯಬೇಕು. ಅವರಿಗೆ ಉತ್ತರ ಗೊತ್ತಿಲ್ಲವೆಂದಾದರೆ, ಗಡುವಿನ ದಿನ ಬರುವ ಮುನ್ನವೇ ಆ ಪ್ರಶ್ನೆ ಎದ್ದುದು ಊರಿನ ಪುಣ್ಯವೆನ್ನಬೇಕು.