ಕಡಲ ತಳದ ಒಂದೇ ಎಳೆ

ಹಿರೇಹಳ್ಳಿಯ ಹೆದ್ದಾರಿ ಬದಿಯಲ್ಲಿ ಗುಂಡಿ ತೋಡುವಾಗ ದೂರವಾಣಿ ಕೇಬಲ್ ಕಡಿದರೆ ಏನಾಗುತ್ತದೆ? ಸ್ವಲ್ಪ ಹೊತ್ತು ಫೋನು ಮೂಕವಾಗುತ್ತದೆ. ಅವಸರವಿದ್ದವರು ಬಸ್ಸು ಹತ್ತಿ ತುಮಕೂರಿಗೆ ಹೋಗಿ ಸುದ್ದಿ ಮುಟ್ಟಿಸಬಹುದು. ಸುತ್ತಲೂ ಸಮುದ್ರವೇ ಇರುವ ನಾಡಿನವರು ಯಾವ ಬಸ್ಸು ಹತ್ತಬೇಕು?

ಟೋಂಗಾ ಶಾಂತಸಾಗರದ ಪುಟ್ಟ ರಾಜ್ಯ. ಸುಮಾರು 170 ದ್ವೀಪಗಳು, ಒಂದು ಲಕ್ಷದಷ್ಟು ಜನ. ಉಪಗ್ರಹವನ್ನೇ ನೆಚ್ಚಿದ್ದ ಈ ನಾಡಿಗೆ 2013ರಲ್ಲಿ ಫಿಜಿಯಿಂದ 827 ಕಿ.ಮೀ. ಉದ್ದದ ಕೇಬಲ್ ಬಂತು. ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪಿನಷ್ಟು ದಪ್ಪ. ಒಳಗೆ ಕೂದಲಿನಂಥ ಗಾಜಿನೆಳೆಗಳು. ಇಂಟರ್‌ನೆಟ್ಟೆಲ್ಲ ಅದರ ಮೇಲೇ ನಿಂತಿತು. 2019ರ ಜನವರಿಯಲ್ಲಿ ಅದು ಕಡಿದಾಗ ಜನ ಸುಮಾರು ಎರಡು ವಾರ ಪರದಾಡಿದರು.

2022ರ ಜನವರಿ 15ರಂದು ಕಡಲೊಳಗಿನ ಜ್ವಾಲಾಮುಖಿ ಸಿಡಿದು, ಸುನಾಮಿ ನುಗ್ಗಿ, ಕೇಬಲ್ ತುಂಡುತುಂಡಾಯಿತು. ನ್ಯೂಜಿಲೆಂಡಿನಲ್ಲಿ ದುಡಿಯುವ ಮಕ್ಕಳಿಗೆ ಊರಿನ ಹೆತ್ತವರು ಬದುಕಿದ್ದಾರೋ ಇಲ್ಲವೋ ತಿಳಿಯಲು ದಿನಗಟ್ಟಲೆ ಕಾಯಬೇಕಾಯಿತು. ದುರಸ್ತಿ ಹಡಗು ಬಂದು ಎಳೆಗಳನ್ನು ಬೆಸೆದು, ಮುಖ್ಯ ದ್ವೀಪಕ್ಕೆ ಕೇಬಲ್ ಸಂಪರ್ಕ ಮರಳುವ ವೇಳೆಗೆ ಐದು ವಾರ ಕಳೆದಿತ್ತು. ಆ ನಡುವೆ ಅಷ್ಟಿಷ್ಟು ಮಾತು ದಾಟಿಸಿದ್ದು ಉಪಗ್ರಹವೇ.

ಹಾಗಾದರೆ ಉಪಗ್ರಹವೊಂದೇ ಸಾಲದೆ? ಲೆಕ್ಕ ಹಾಕಿ ನೋಡಿ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ರೇಡಿಯೋ ಅಲೆಯ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಮಾತು ಮೇಲೇರಿ ಕೆಳಗಿಳಿಯಲು ಕಾಲು ಸೆಕೆಂಡು ಬೇಕು. ಉತ್ತರ ಕೇಳಿಸಲು ಇನ್ನೊಂದು ಕಾಲು. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ.ಗೆ ಇಳಿದರೂ, ಫಿಜಿಯಿಂದ ಟೋಂಗಾ ತಲುಪಲು ಒಂದು ಸೆಕೆಂಡಿನ ಇನ್ನೂರೈವತ್ತನೇ ಒಂದು ಭಾಗ ಸಾಕು. ಹೊರುವ ಶಕ್ತಿಯಲ್ಲೂ ಅಜಗಜಾಂತರ. ಉಪಗ್ರಹವನ್ನೇ ನಂಬಿದ್ದ ನಮ್ಮ ಲಕ್ಷದ್ವೀಪಕ್ಕೆ ಸಿಗುತ್ತಿದ್ದುದು ಸೆಕೆಂಡಿಗೆ 1.7 ಗಿಗಾಬಿಟ್. 2024ರ ಜನವರಿಯಲ್ಲಿ ಕೊಚ್ಚಿಯಿಂದ ಕೇಬಲ್ ಬಂದ ಮೇಲೆ ಅದು 200 ಗಿಗಾಬಿಟ್‌ಗೆ ಏರಿತು.

ಆದರೂ ಕಡಲ ತಳ ಕುಸಿದಾಗ ಆಕಾಶದ ದಾರಿ ಕಡಿಯುವುದಿಲ್ಲ. ಅದನ್ನು ಕಾಯುವ ಮನೆಯೊಂದು ದೂರವಿಲ್ಲ. ಕುಣಿಗಲ್ ಹಾದು ಹಾಸನ ಸೇರಿದರೆ, ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರಿಂದ ಇನ್ಸಾಟ್ ಉಪಗ್ರಹಗಳ ಕಡಿವಾಣ ಹಿಡಿದ ಕೇಂದ್ರ ಅದು. 2017ರ ಮೇ 5ರಂದು ಭಾರತ ನೆರೆನಾಡುಗಳಿಗೆಂದು ಹಾರಿಸಿದ ಜಿಸ್ಯಾಟ್-9ರ ಹೊಣೆಯನ್ನೂ ಹಾಸನವೇ ಹೊತ್ತಿತು. ಆ ನೆರೆಯವರಲ್ಲಿ ಶ್ರೀಲಂಕಾ, ಮಾಲ್ಡೀವ್ಸ್ ಎಂಬ ಎರಡು ದ್ವೀಪರಾಷ್ಟ್ರಗಳೂ ಇದ್ದವು. ವಿಪತ್ತಿನ ವೇಳೆ ಸಂಪರ್ಕ ಒದಗಿಸುವುದೂ ಅದರ ಉದ್ದೇಶಗಳಲ್ಲೊಂದು.

ಮನೆಗೆ ನಲ್ಲಿ ಬಂತೆಂದು ಹಿತ್ತಲ ಬಾವಿ ಮುಚ್ಚಿಸಿದವರಿಗೆ ಪೈಪು ಒಡೆದ ದಿನ ಬುದ್ಧಿ ಬರುತ್ತದೆ. ದ್ವೀಪಗಳಿಗೆ ಕೇಬಲ್ ನಲ್ಲಿಯಾದರೆ ಉಪಗ್ರಹ ಬಾವಿ. ದಿನವೂ ಸೇದದಿದ್ದರೂ ಹಗ್ಗ, ಕೊಡ ಸಿದ್ಧವಿರಬೇಕು.