ಸೂಜಿಗೆ ಕಣ್ಣು ಬರುವ ಮೊದಲು

ಹೊಲಿಗೆ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ಮನೆಯ ಮೂಲೆಯ ಮೆಷಿನು, ಅದರ ಮುಂದೆ ಕುಳಿತ ಹೆಣ್ಣು. ಮಗನ ಅಂಗಿಯ ಗುಂಡಿ ಕಿತ್ತುಬಂದರೂ ಅದು ತಾಯಿಯ ಅಥವಾ ಅಕ್ಕನ ಪಾಲಿನ ಕೆಲಸ. ಅವನ ಕೈಗೆ ಸೂಜಿ ಕೊಟ್ಟು ನೋಡಿ, ನಗುತ್ತಾನೆ. ಆ ನಗುವಿಗೆ ಚರಿತ್ರೆಯಲ್ಲೂ ಆಧಾರವಿಲ್ಲ, ದೀನ್‌ನಲ್ಲೂ ಆಧಾರವಿಲ್ಲ.

ಮಾನವನು ಬಟ್ಟೆ ಹೊಲಿಯುವುದಕ್ಕಿಂತ ಮೊದಲು ಚರ್ಮ ಹೊಲಿದನೆಂದು ಸಂಶೋಧಕರು ಹೇಳುತ್ತಾರೆ. ಚರ್ಮವೂ ನಾರೂ ಮಣ್ಣಿನಲ್ಲಿ ಕೊಳೆತುಹೋಗುತ್ತವೆ, ಉಳಿಯುವುದು ಮೂಳೆ ಮಾತ್ರ. ಮೊರೊಕ್ಕೋದ ರಬಾತ್ ಸಮೀಪದ ಕರಾವಳಿ ಗುಹೆಯೊಂದರಲ್ಲಿ ಚರ್ಮ ಹದಮಾಡುವ ಮೂಳೆಯ ಉಪಕರಣಗಳು ಸಿಕ್ಕಿವೆ. ಅವು 90,000ದಿಂದ 1,20,000 ವರ್ಷ ಹಳೆಯವೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಇನ್ನೊಂದು ಸಾಕ್ಷಿ ಹೇಳಿದರೆ ನೀವು ನಗಬಹುದು, ಅದು ಹೇನು! ಶಾಲೆಗೆ ಹೋಗುವ ಹೆಣ್ಣುಮಕ್ಕಳ ತಾಯಂದಿರಿಗೆ ಚೆನ್ನಾಗಿ ಪರಿಚಯವಿರುವ ತಲೆಹೇನು ಒಂದಾದರೆ, ಬಟ್ಟೆಯ ಮಡಿಕೆಯಲ್ಲಿ ವಾಸಿಸುವ ಹೇನು ಮತ್ತೊಂದು. ಉಡುಪಿಲ್ಲದೆ ಎರಡನೆಯದಕ್ಕೆ ಮನೆಯಿಲ್ಲ. ಇವೆರಡೂ ಬೇರೆಯಾದದ್ದು ಕನಿಷ್ಠ 83,000, ಬಹುಶಃ 1,70,000 ವರ್ಷಗಳ ಹಿಂದೆ ಎಂದು 2011ರಲ್ಲಿ ಲೆಕ್ಕ ಹಾಕಿದರು. ಇವೆಲ್ಲ ಅಂದಾಜುಗಳು. ಸರಿಯಾದ ಲೆಕ್ಕ ಅಲ್ಲಾಹನ ಬಳಿಯಿದೆ.

ಆ ಮೊದಲ ಹೊಲಿಗೆಗೆ ಸೂಜಿ ಇರಲಿಲ್ಲ. ಇದ್ದದ್ದು ಕಣ್ಣಿಲ್ಲದ ಆರೆ, ಅಂದರೆ ಚಪ್ಪಲಿ ಹೊಲಿಯುವವರು ಚರ್ಮಕ್ಕೆ ತೂತು ಹಾಕುವ ಚೂಪಾದ ಸಾಧನ. ಮೊದಲು ಸಾಲಾಗಿ ತೂತು, ಆಮೇಲೆ ಒಂದೊಂದೇ ತೂತಿನಲ್ಲಿ ದಾರ ತೂರಿಸಿ ಎಳೆಯಬೇಕು. ದಾರವೂ ನೂಲಿನದಲ್ಲ. ಪ್ರಾಣಿಯ ಸ್ನಾಯುವನ್ನು ಒಣಗಿಸಿ, ಎಳೆಎಳೆಯಾಗಿ ಸೀಳಿ, ಒದ್ದೆ ಮಾಡಿ ಹೊಲಿದರೆ ಅದು ಒಣಗುತ್ತಾ ಬಿಗಿಯಾಗುತ್ತದೆ. ಸೈಬೀರಿಯದ ಡೆನಿಸೋವ ಗುಹೆಯಲ್ಲಿ 2016ರಲ್ಲಿ ಸಿಕ್ಕ ಮೂಳೆಯ ಸೂಜಿಗಾದರೋ ಕಣ್ಣಿದೆ. ಅದರ ವಯಸ್ಸು 40,000 ವರ್ಷಕ್ಕೂ ಹೆಚ್ಚು. ತೂತು ಹಾಕುವುದು, ದಾರ ಎಳೆಯುವುದು ಎರಡೂ ಒಂದೇ ಬಾರಿಗೆ! ಗಟ್ಟಿ ಮೂಳೆಯಲ್ಲಿ ಅಷ್ಟು ಸಣ್ಣ ರಂಧ್ರ ಕೊರೆದ ಕೈ ಎಷ್ಟು ತಾಳ್ಮೆಯದಾಗಿರಬೇಕು! ಮೈಗೆ ಒಪ್ಪುವಂತೆ ಹೊಲಿದ ಉಡುಪಿಲ್ಲದಿದ್ದರೆ ಹಿಮದ ಆ ನಾಡಿನಲ್ಲಿ ಗಂಡಸಾಗಲಿ ಹೆಂಗಸಾಗಲಿ ಒಂದು ಚಳಿಗಾಲ ಕಳೆಯುವುದೂ ಕಷ್ಟ.

ಈಗ ನಮ್ಮ ಗ್ರಂಥಗಳತ್ತ ಬನ್ನಿ. ಮೊದಲು ಬಟ್ಟೆ ಹೊಲಿದವರು ಹಝ್ರತ್ ಇದ್ರೀಸ್(ಅ) ಎಂದು ಕೆಲವು ತಫ್ಸೀರ್‌ಗಳಲ್ಲಿದೆ. ಅದು ಕುರ್‌ಆನ್‌ನ ಮಾತಲ್ಲ. ಆದರೆ ಆದಮ್(ಅ) ಮತ್ತು ಹವ್ವಾ(ಅ) ಸ್ವರ್ಗದ ಎಲೆಗಳಿಂದ ತಮ್ಮನ್ನು ಮುಚ್ಚಿಕೊಂಡ ಸಂದರ್ಭದಲ್ಲಿ ಸೂರಃ ಅಲ್‌ಅಅ್‌ರಾಫ್‌ನ 22ನೇ ಸೂಕ್ತ ಬಳಸಿರುವ ಕ್ರಿಯಾಪದವನ್ನು ಗಮನಿಸಿ. ಅದರ ಮೂಲ 'ಖಸ್ಫ್', ಅಂದರೆ ಒಂದರ ಮೇಲೊಂದಿಟ್ಟು ಜೋಡಿಸುವುದು. ಚಪ್ಪಲಿಗೆ ತೇಪೆ ಹಾಕಿ ಹೊಲಿಯುವುದಕ್ಕೂ ಅರಬರಲ್ಲಿ ಇದೇ ಪದ. ಆರೆಗೆ ಅವರು 'ಮಿಖ್‌ಸಫ್' ಎನ್ನುತ್ತಾರೆ. ಆ ಕ್ರಿಯಾಪದ ದ್ವಿವಚನದಲ್ಲಿದೆ, ಜೋಡಿಸಿದವರು ಇಬ್ಬರೂ! ಪ್ರವಾದಿಯವರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದವರಿಗೆ ಹಝ್ರತ್ ಆಯಿಶಾ(ರ) ಕೊಟ್ಟ ಉತ್ತರದಲ್ಲೂ ಇದೇ ಪದ ಬರುತ್ತದೆ. ಅವರು ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಚಪ್ಪಲಿಯನ್ನು ತಾವೇ ದುರಸ್ತಿ ಮಾಡಿಕೊಳ್ಳುತ್ತಿದ್ದರು. ಮನೆತುಂಬ ಪತ್ನಿಯರಿದ್ದರೂ!

ಆ ಪತ್ನಿಯರಲ್ಲೊಬ್ಬರಾದ ಝೈನಬ್ ಬಿಂತ್ ಜಹ್ಶ್(ರ) ಚರ್ಮ ಹದಮಾಡಿ, ತೂತು ಹಾಕಿ ಹೊಲಿಯುವ ಕಸುಬು ಬಲ್ಲವರು. ಗಳಿಸಿದ್ದನ್ನು ದಾನ ಮಾಡುತ್ತಿದ್ದರು. ತನ್ನ ಬಳಿಕ ಪತ್ನಿಯರ ಪೈಕಿ ಮೊದಲು ತನ್ನನ್ನು ಸೇರುವವರು ಉದ್ದ ಕೈಯವರೆಂದು ಪ್ರವಾದಿಯವರು(ಸ) ಹೇಳಿದಾಗ, ಎಲ್ಲರೂ ತಮ್ಮ ತಮ್ಮ ಕೈ ಅಳೆದು ನೋಡಿದ್ದರಂತೆ. ಹಿಜರಿ 20ರಲ್ಲಿ ಗಿಡ್ಡ ಮೈಕಟ್ಟಿನ ಝೈನಬ್(ರ) ಮೊದಲಿಗರಾಗಿ ತೀರಿಕೊಂಡಾಗಲೇ ಮಾತಿನ ಅರ್ಥ ಹೊಳೆದದ್ದು.

ಅವರ ಕಸುಬನ್ನು ಹೊಗಳುವ ನಾವು ಓಣಿಯ ಕೊನೆಯ ಮನೆಯಲ್ಲಿ ಹೊಲಿದು ಮಕ್ಕಳ ಶಾಲಾ ಫೀಸು ಕಟ್ಟುವ ಸಹೋದರಿಯ ಮುಂದೆ ಮಾತ್ರ ಬೇರೆಯವರಾಗುತ್ತೇವೆ. ರಮಝಾನಿನ ಕೊನೆಯ ಹತ್ತರಲ್ಲಿ ಬಟ್ಟೆ ತಂದು ಸುರಿಯುತ್ತೇವೆ. ಅವಳು ಸಹರಿಯವರೆಗೂ ಹೊಲಿಯುತ್ತಾಳೆ. ಅಂಗಡಿಯ ದರ್ಜಿಗೆ ತುಟಿಪಿಟಕ್ಕೆನ್ನದೆ ಕೊಡುವ ಕೂಲಿಯನ್ನು ಅವಳೊಡನೆ ಚೌಕಾಸಿ ಮಾಡಿ, "ಹಬ್ಬ ಕಳೆಯಲಿ, ಕೊಡೋಣ" ಎಂದು ಬಟ್ಟೆ ಎತ್ತಿಕೊಂಡು ಬರುತ್ತೇವೆ.