ಅಬ್ಬರದ ಹಾಡು, ಅಟ್ಟದ ಮೇಲಿನ ಪ್ಲೇಟು



ಮಗನೋ ಮಗಳೋ ಕೋಣೆಯ ಬಾಗಿಲು ಹಾಕಿಕೊಂಡು ಗೋಡೆ ನಡುಗುವಂತೆ ಹಾಡು ಹಾಕಿದರೆ ನಮಗೆ ತಲೆನೋವು. ‘ಇದೂ ಒಂದು ಸಂಗೀತವೇ? ಸ್ವಲ್ಪ ಸಣ್ಣಗೆ ಇಡಬಾರದೇ?’ ಎಂದು ಒಲೆಯ ಮುಂದಿನಿಂದಲೇ ಕೂಗುತ್ತೇವೆ, ಅಲ್ವಾ? ಈ ಸಲ ಅಂಥ ಗದ್ದಲದ ಸಂಗೀತದ ಬಗ್ಗೆಯೇ ನಾಲ್ಕು ಮಾತು.

1980ರ ಸುಮಾರಿಗೆ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಹಾರ್ಡ್‌ಕೋರ್ ಪಂಕ್ ಎಂಬ ಸಂಗೀತ ಬೆಳೆಯಿತು. ಒಗ್ಗರಣೆ ಸಿಡಿದು ಮುಗಿಯುವಷ್ಟರಲ್ಲಿ ಒಂದು ಹಾಡೇ ಮುಗಿದಿರುತ್ತದೆ, ಅಷ್ಟು ವೇಗ! ಬ್ಯಾಡ್ ಬ್ರೈನ್ಸ್ ಎಂಬ ಆಫ್ರಿಕನ್-ಅಮೆರಿಕನ್ ಯುವಕರ ತಂಡದ ವೇಗ ಕಂಡು ಉಳಿದ ಹುಡುಗರೆಲ್ಲ ಬೆರಗಾದರು. ಹೈಸ್ಕೂಲಿನ ವಯಸ್ಸಿನವರೇ ತಂಡ ಕಟ್ಟಿದರು.

ಇಂಥ ಹಾಡು ಕೇಳುವವರೆಲ್ಲ ಕುಡುಕರು ಅಂದುಕೊಳ್ಳಬೇಡಿ. ಮದ್ಯ ಮಾರುವ ಕ್ಲಬ್ಬುಗಳಲ್ಲಿ ಚಿಕ್ಕವರಿಗೆ ಪ್ರವೇಶ ಕಷ್ಟ. ಅದಕ್ಕೆ ಹುಡುಗರ ಕೈ ಮೇಲೆ ಕಪ್ಪು ಶಾಯಿಯಲ್ಲಿ ದೊಡ್ಡ ಗುಣಿಸುವ ಗುರುತು ಬರೆದು ಒಳಗೆ ಬಿಡುವ ಪದ್ಧತಿ ಬಂತು. ಈ ಕೈಗೆ ಮದ್ಯ ಕೊಡಬಾರದು ಎಂದು ಅದರರ್ಥ. ಆಮೇಲೆ ಕುಡಿಯದವರು, ಸಿಗರೇಟು ಮುಟ್ಟದವರು ಹೆಮ್ಮೆಯಿಂದ ತಾವೇ ಅದನ್ನು ಬರೆದುಕೊಂಡರು. ಮೈನರ್ ಥ್ರೆಟ್ ತಂಡದ 1981ರ ಹಾಡೊಂದರಿಂದ ಈ ನಡತೆಗೆ ‘ಸ್ಟ್ರೈಟ್ ಎಡ್ಜ್’ ಎಂಬ ಹೆಸರೇ ಬಿತ್ತು.

ಈ ಹುಡುಗರ ಪ್ಲೇಟು ಮಾಡಲು ಯಾವ ದೊಡ್ಡ ಕಂಪನಿ ಬಂದೀತು? ಇಯಾನ್ ಮೆಕೇ, ಜೆಫ್ ನೆಲ್ಸನ್ ಮತ್ತು ಗೆಳೆಯರು 1980ರಲ್ಲಿ ಡಿಸ್ಕಾರ್ಡ್ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ಟೀನ್ ಐಡಲ್ಸ್ ಎಂಬ ತಮ್ಮ ತಂಡ ಕಾರ್ಯಕ್ರಮಗಳಿಂದ ಉಳಿಸಿದ್ದ ಹಣದಲ್ಲಿ 7 ಅಂಗುಲದ ಪ್ಲೇಟಿನ 1,000 ಪ್ರತಿ ಮಾಡಿಸಿದರು. ಹೊದಿಕೆಯನ್ನು ಕೈಯಿಂದಲೇ ಕತ್ತರಿಸಿ, ಮಡಿಸಿ, ಅಂಟು ಹಾಕಿದರು. ನಾವು ಸೇರಿಕೊಂಡು ಹಪ್ಪಳ ಲಟ್ಟಿಸಿದ ಹಾಗೆ! ಮಾರಿ ಬಂದ ಹಣ ಮುಂದಿನ ಪ್ಲೇಟಿಗೆ. ಆ ಮೊದಲ ಪ್ರತಿಗಳನ್ನು ಸಂಗ್ರಾಹಕರು ಇಂದಿಗೂ ಹುಡುಕುತ್ತಾರೆ.

ಎಲ್ಲವೂ ಚೆನ್ನಾಗಿತ್ತು ಅನ್ನುವ ಹಾಗಿಲ್ಲ. ವೇದಿಕೆಯ ಮುಂದೆ ಗಂಡುಹುಡುಗರ ನೂಕಾಟ, ಮೈಮೇಲೆ ಬೀಳೋದು. ಹೆಣ್ಣುಮಕ್ಕಳಿಗೆ ಉಳಿದದ್ದು ಹಿಂದಿನ ಗೋಡೆ, ಕೈಯಲ್ಲಿ ಗೆಳೆಯರ ಕೋಟು. ‘ನಾವೇನು ಕೋಟು ತೂಗುಹಾಕುವ ಗೂಟವೇ?’ ಎಂಬ ಬೇಸರ ಅಂದಿನ ಹಲವರ ನೆನಪಿನಲ್ಲಿದೆ. ಮದುವೆಮನೆಯಲ್ಲಿ ಎಲ್ಲರ ಚೀಲ ಕಾಯುತ್ತಾ ಮುಹೂರ್ತವನ್ನೇ ನೋಡದೆ ಕೂತವರಿಗೆ ಈ ಬೇಸರ ತಿಳಿಯದೇ?

ಆದರೆ ಅವರು ಗೋಡೆಗೊರಗಿಯೇ ಉಳಿಯಲಿಲ್ಲ. 1981ರಲ್ಲೇ ಚಾಕ್ ಸರ್ಕಲ್ ಎಂಬ ಹೆಣ್ಣುಮಕ್ಕಳ ತಂಡ ವಾಷಿಂಗ್ಟನ್‌ನಲ್ಲಿ ವಾದ್ಯ ಹಿಡಿಯಿತು. 1991ರಲ್ಲಿ ‘ರಯಟ್ ಗರ್ಲ್’ ಚಳವಳಿ ಎದ್ದಿತು. ಬಿಕಿನಿ ಕಿಲ್ ತಂಡದ ಕ್ಯಾಥ್ಲೀನ್ ಹ್ಯಾನಾ, ಹುಡುಗಿಯರೆಲ್ಲ ಮುಂದೆ ಬನ್ನಿ ಎಂದು ವೇದಿಕೆಯಿಂದಲೇ ಕರೆಯುತ್ತಿದ್ದರು. ಮೆಕೇಯವರು 1987ರಲ್ಲಿ ಕಟ್ಟಿದ ಫುಗಾಜಿ ತಂಡವೂ, ಜನ ಬೇರೆಯವರಿಗೆ ಪೆಟ್ಟಾಗುವಂತೆ ಕುಣಿದರೆ ಹಾಡು ನಿಲ್ಲಿಸಿಬಿಡುತ್ತಿತ್ತು. ಕೇಳದವನ ಕೈಗೆ ಟಿಕೆಟ್ಟಿನ 5 ಡಾಲರ್ ವಾಪಸು ಕೊಟ್ಟು ಹೊರಗೆ ಕಳಿಸುತ್ತಿದ್ದರಂತೆ!

ಅಂದಿನ ಹುಡುಗ ಹುಡುಗಿಯರಿಗೆ ಈಗ ಅರವತ್ತರ ಆಸುಪಾಸು. ಕಿವಿ ಮಂದವಾದರೂ ಪ್ಲೇಟು ಉಳಿದಿದೆ. ವಾಷಿಂಗ್ಟನ್‌ನ ಸಾರ್ವಜನಿಕ ಗ್ರಂಥಾಲಯವು 2014ರಿಂದ ಆ ಪ್ಲೇಟುಗಳನ್ನೂ ಗೋಡೆಗೆ ಅಂಟಿಸುತ್ತಿದ್ದ ಕರಪತ್ರಗಳನ್ನೂ ಜೋಪಾನ ಮಾಡುತ್ತಿದೆ. ಮನೆಯವರು ಕಸವೆಂದದ್ದು ಊರಿನ ಚರಿತ್ರೆಯಾಯಿತು ನೋಡಿ.

ನಿಮ್ಮ ಅಟ್ಟದ ಮೇಲೂ ಯಾರದೋ ಪ್ಲೇಟುಗಳಿರಬಹುದು. ಭಕ್ತಿಗೀತೆಯಿರಲಿ, ಸಿನಿಮಾ ಹಾಡಿರಲಿ, ಕಿವಿಗಡಚಿಕ್ಕುವ ಗಿಟಾರೇ ಇರಲಿ, ರದ್ದಿಯವನನ್ನು ಕರೆಯುವ ಮುನ್ನ ಇಷ್ಟು ಮಾಡಿ:

• ಒಂದರ ಮೇಲೊಂದು ಪೇರಿಸಬೇಡಿ. ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ.

• ಬಿಸಿಲು, ಒಲೆಯ ಶಾಖ ತಾಗದಿರಲಿ. ಪ್ಲೇಟು ಸೊಟ್ಟಗಾಗುತ್ತದೆ.

• ಅಂಚು ಹಿಡಿದೇ ಎತ್ತಿ. ಮೆತ್ತನೆಯ ಒಣಬಟ್ಟೆಯಿಂದ ಗೆರೆಗಳ ಸುತ್ತಿನಲ್ಲೇ ಧೂಳು ಒರೆಸಿ.

• ಮಳೆಗಾಲದಲ್ಲಿ ಹೊದಿಕೆಗೆ ಬೂಷ್ಟು ಹಿಡಿದೀತು; ಗಾಳಿಯಾಡುವ ಒಣಜಾಗದಲ್ಲಿಡಿ.

ಎಲ್ಲಕ್ಕಿಂತ ಮೊದಲು, ಅದು ಯಾರದೋ ಅವರನ್ನೇ ಕೇಳಿ. ‘ಇದನ್ನು ಎಲ್ಲಿ ತಂದೆ? ಆಗ ಜೊತೆಗೆ ಯಾರಿದ್ದರು?’ ಅನ್ನಿ. ಹಾಡು ನಿಮಗೆ ಹಿಡಿಸದಿದ್ದರೆ ಬೇಡ ಬಿಡಿ. ಆದರೆ ಬಾಗಿಲು ಹಾಕಿಕೊಂಡ ಮಗು ಹೊರಗೆ ಬಂದು ನಿಮ್ಮೊಡನೆ ಮಾತಿಗೆ ಕೂತರೆ, ಅಷ್ಟು ಗದ್ದಲ ಸಹಿಸಿದ್ದಕ್ಕೂ ಸಾರ್ಥಕ.